ರುದ್ರಣ್ಣನ ಕೈ

ಯಾರನ್ನು ಮಾತಾಡಿಸುವ ಮೊದಲೂ ರುದ್ರಣ್ಣ ಅವರ ಕತ್ತಿನ ಮೇಲೆ ಕೈ ಇಡುತ್ತಿದ್ದ. ಹಾಲಿನವನಿರಲಿ, ಬೀಗರಿರಲಿ, ಎಲ್ಲರಿಗೂ ಅದೇ. ಮನೆಗೆ ಬಂದ ಸ್ವಾಮಿಗಳೊಬ್ಬರು ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದಿದ್ದರು. ಆತ ನನ್ನ ಅಣ್ಣ. ಕುಣಿಗಲ್‌ನಲ್ಲಿ ಕುದುರೆ ನೋಡಿಕೊಳ್ಳುವ ಕೆಲಸದಲ್ಲಿದ್ದು ನಿವೃತ್ತನಾದವನು. “ಮಾತು ಆಮ್ಯಾಕೆ ಕಣ್ಲಾ, ಮೊದ್ಲು ಕೈ. ಒಳಗೆ ಹೆದ್ರಿಕೆ ಐತಾ ಇಲ್ವಾ, ಕೈಗೇ ಗೊತ್ತಾಗ್ತದೆ” ಎನ್ನುತ್ತಿದ್ದ.

ನಾನು ಗುಬ್ಬಿಯ ಶಾಲೆಯೊಂದರಲ್ಲಿ ಡ್ರಿಲ್ ಮೇಷ್ಟ್ರಾಗಿದ್ದೆ. ಮನುಷ್ಯರನ್ನು ಸರಿದಾರಿಯಲ್ಲಿಡಲು ಸೀಟಿ ಸಾಕೆಂದು ನಂಬಿದ್ದವನು. ಅಣ್ಣ ನಗುತ್ತಿದ್ದ. “ಸೀಟಿ ಊದಿದ್ರೆ ಕುದುರೆ ಕಿತ್ಕೊಂಡು ಓಡೋಯ್ತದೆ. ನಿನ್ ಐಕ್ಳೇ ವಾಸಿ ಬುಡು.”

ಕುದುರೆಗಳನ್ನು ಲಾರಿಯಲ್ಲಿ ಸಾಗಿಸುವಾಗ ಅವನು ಕೂತದ್ದೇ ಇಲ್ಲ. ಕುದುರೆ ನಿಂತಿರುವಾಗ ನೋಡಿಕೊಳ್ಳುವವನು ಕೂರಬಾರದು ಎಂಬುದು ಅವನ ನೇಮ.

ಅತ್ತಿಗೆ ತೀರಿಕೊಂಡ ಮೇಲೆ ಅವನನ್ನು ತುಮಕೂರಿಗೆ, ಮರಳೂರಿನ ನಮ್ಮ ಮನೆಗೆ ಕರೆತಂದೆ. ಅಲ್ಲಿ ಮರೆವಿನ ಕಾಯಿಲೆ ಶುರುವಾಯಿತು. ಅತ್ತಿಗೆಯ ಹೆಸರು ಹೋಯಿತು, ಊರಿನ ಹೆಸರು ಹೋಯಿತು. ಕುದುರೆಗಳ ಹೆಸರುಗಳು ಮಾತ್ರ ಏಕೆ ಉಳಿದವೋ, ನನಗೆ ಇಂದಿಗೂ ಕುತೂಹಲ. ಪುಣೆಯಲ್ಲಿದ್ದ ಅವನ ಮಗಳು ಗೌರಿ ಫೋನಿನಲ್ಲಿ ಅತ್ತಳು. “ಚಿಕ್ಕಪ್ಪ, ನನ್ನ ಮರೆಯೋದ್ರೊಳಗೆ ಅಪ್ಪನ್ನ ಕರ್ಕೊಂಡ್ ಬನ್ನಿ. ಇನ್ಮೇಲೆ ನಾನೇ ನೋಡ್ಕೋತೀನಿ.” ಕೈಗೂಸಿದ್ದ ಅವಳು ಬರುವಂತಿರಲಿಲ್ಲ. ರೈಲಾದರೆ ಅಣ್ಣ ಸಿಕ್ಕ ಸ್ಟೇಷನ್ನಿನಲ್ಲೆಲ್ಲ ಇಳಿದುಬಿಡುತ್ತಾನೆ. ಅಗ್ಗದ ವಿಮಾನಗಳು ಬಂದ ಹೊಸತು. ಟಿಕೆಟ್ ಮಾಡಿಸಿದೆ.

ಬೆಂಗಳೂರಿನಲ್ಲಿ ವಿಮಾನದ ಎಂಜಿನ್ ಗುಡುಗಿದ್ದೇ ತಡ, ಅಣ್ಣ ಎದ್ದ. ಮುಂದಿನ ಸೀಟನ್ನು ಹಿಡಿದು, ಲಾರಿಯಲ್ಲಿ ನಿಲ್ಲುವಂತೆ ಕಾಲಗಲಿಸಿ ನಿಂತ.

“ಕೂತ್ಕೋ ಅಣ್ಣ.”

“ಕೂರೋದೆಂಗ್ಲಾ ಸಿದ್ದಾ? ಹಿಂದ್ಗಡೆ ಅವೆಲ್ಲ ನಿಂತವೆ.”

ಗಗನಸಖಿ ಬಂದಳು. “ಸರ್, ಇವರು ಕೂತ್ಕೊಳ್ಳದಿದ್ರೆ ಇಬ್ಬರನ್ನೂ ಇಳಿಸಬೇಕಾಗುತ್ತೆ.”

ಇಳಿಸಿದರೆ ಅವನನ್ನು ಮತ್ತೆ ಹತ್ತಿಸಲಾರೆ. ಅಷ್ಟರಲ್ಲಿ ಗೌರಿಯೂ ಮರೆತುಹೋದರೆ? ಮೈದಾನದ ದನಿ ತೆಗೆದು “ಕೂತ್ಕೋ!” ಎಂದೆ. ಅಕ್ಕಪಕ್ಕದವರೆಲ್ಲ ನೆಟ್ಟಗೆ ಕೂತರು. ಅಣ್ಣ ತಿರುಗಿಯೂ ನೋಡಲಿಲ್ಲ.

ಆಗ ವಿಮಾನ ಜಗ್ಗಿತು. ನನಗೂ ಅದು ಮೊದಲ ಪ್ರಯಾಣ. ಗೊತ್ತಿಲ್ಲದೆಯೇ ಅಣ್ಣನ ಪಂಚೆ ಹಿಡಿದುಕೊಂಡೆ. ಅವನು ಕೆಳಗೆ ನೋಡಿ ನನ್ನ ಕತ್ತಿನ ಮೇಲೆ ಕೈ ಇಟ್ಟ.

“ಅಯ್ಯೋ, ಇದು ನಡುಗ್ತಾ ಐತೆ” ಎಂದು ಪಕ್ಕದಲ್ಲಿ ಕೂತೇಬಿಟ್ಟ. “ಓ... ಓ... ಏನಿಲ್ಲ, ಏನಿಲ್ಲ ಕಣವ್ವ.”

ಕುದುರೆಯನ್ನು ಸಂತೈಸುವಂತೆ ಅವನು ನನ್ನ ಕತ್ತು ಸವರುತ್ತಿರುವಾಗ ಆ ಹುಡುಗಿ ಮೆಲ್ಲಗೆ ಬೆಲ್ಟು ಹಾಕಿ ಹೋದಳು. ನಾನು ಸುಮ್ಮನಾದರೆ ಎದ್ದಾನೆಂದು ಪುಣೆಯವರೆಗೂ ಆಗಾಗ ನಡುಗಿದೆ. ಅದಕ್ಕೆ ಹೆಚ್ಚು ಪ್ರಯತ್ನವೇನೂ ಬೇಕಾಗಲಿಲ್ಲ.

ಗೌರಿ ಬಾಗಿಲು ತೆರೆದಳು. ಅಣ್ಣ ಅವಳನ್ನೇ ನೋಡುತ್ತ ನಿಂತ.

“ಗೌರಿ, ಎಷ್ಟು ಸೊರಗಿದೀಯೇ” ಎಂದ. ಅವಳು ಅಪ್ಪನನ್ನು ತಬ್ಬಿಕೊಂಡಳು. ಅವಳ ಹೆಗಲ ಮೇಲಿಂದ ಅವನು ನನ್ನನ್ನು ತೋರಿಸಿದ.

“ಈ ಯಪ್ಪ ಯಾರೋ ಕಾಣೆ ಕಣವ್ವ. ದಾರೀಲಿ ಒಬ್ನೇ ಹೆದ್ರಿಕೊಂಡು ಕೂತಿದ್ದ. ಮೊದ್ಲು ಇವ್ನಿಗೆ ಉಣ್ಣಾಕಿಕ್ಕು.”

ಗೌರಿ ನಮ್ಮಿಬ್ಬರಿಗೂ ತಟ್ಟೆ ಹಾಕಿದಳು. “ಸಂಕೋಚ ಮಾಡ್ಕೊಬ್ಯಾಡಿ ಸ್ವಾಮಿ, ಉಣ್ಣಿ” ಎಂದು ಅಣ್ಣ ನನಗೆ ಉಪಚಾರ ಮಾಡಿದ. ಅವನ ಜೊತೆ ಕೂತು ಉಂಡದ್ದು ಅದೇ ಕೊನೆ. ಎರಡು ಸಲ ಅನ್ನ ಹಾಕಿಸಿಕೊಂಡೆ.