ಆನೆಯಿಲ್ಲದೆ ಕೂಗಿದ ಪೆಟ್ಟಿಗೆ

ಜಯಕ್ಕ, ಹೆತ್ತೂರು ದಾರಿಯ ತಿರುವಿನಲ್ಲಿ ಆನೆ ಬಂದರೆ ಎಚ್ಚರಿಸುವ ಸೈರನ್ ಪೆಟ್ಟಿಗೆಯನ್ನು ಕಂಬಕ್ಕೆ ಕೂರಿಸಿದವನು ನಾನು. ಅದರ ಮೇಲೆ ಸುಳ್ಳು ಸ್ಟಿಕ್ಕರ್ ಅಂಟಿಸಿದವನೂ ನಾನೇ.

ಅಲ್ಲಿ ಹಾಕಬೇಕಿದ್ದದ್ದು ಐಪಿ 66 ಗುರುತಿನ ಪೆಟ್ಟಿಗೆ — ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಅದರೊಳಗೆ ಧೂಳು ಹೋಗದು, ರಭಸದ ನೀರೂ ಹೋಗದು. ಅದು ಬರುವುದು ತಡವಾಯಿತು. ನನಗೆ ಕೆಲಸ ಮುಗಿಸುವ ಆತುರ. ಬಾಳ್ಳುಪೇಟೆಯ ನನ್ನ ಅಂಗಡಿಯಲ್ಲಿದ್ದ 54ರ ಪೆಟ್ಟಿಗೆಗೆ 66ರ ಸ್ಟಿಕ್ಕರ್ ಹಚ್ಚಿದೆ. ಅದು ಎರಚಲು ತಡೆಯುತ್ತದೆ, ಅಷ್ಟೇ. ಹೆತ್ತೂರಿನ ಗಾಳಿಮಳೆಯನ್ನು ತಡೆಯದು — ಗೊತ್ತಿತ್ತು ನನಗೆ.

ಅರಣ್ಯ ಇಲಾಖೆಯ ಕಾವಲುಗಾರರು ಆನೆ ಕಂಡು ಸಂದೇಶ ಕಳಿಸಿದಾಗ ಮಾತ್ರ ಅದು ಕೂಗಬೇಕು. ಆಷಾಢದಲ್ಲಿ ತಾನಾಗಿಯೇ ಕೂಗತೊಡಗಿತು. ಮಂಜಿನೊಳಗಿಂದ, ಎಳೆದೆಳೆದು, ಉಸಿರು ಸಿಕ್ಕಿಕೊಂಡವರ ಹಾಗೆ. ನೋಡಲು ಬಂದ ನನ್ನನ್ನು ನೀವು ಎಸ್ಟೇಟ್ ಕೆಲಸಗಾರರ ಲೈನ್ ಮನೆಗಳ ಮುಂದೆ ನಿಲ್ಲಿಸಿ ಕೇಳಿದಿರಿ: "ಆನೆ ಇಲ್ದಿದ್ರೂ ಕೂಗ್ತೈತಲ್ಲ, ಅದ್ಕೆ ಯಾರ್ ಕಾಣಿಸ್ತಾರೋ ಮಾರಾಯ?"

ನೀರು ಹೊಕ್ಕಿದೆ ಎನ್ನಬಹುದಿತ್ತು. "ಜಾಗನೇ ಸರಿ ಇಲ್ಲ ಕಣಕ್ಕ" ಎಂದುಬಿಟ್ಟೆ.

ಊರು ನಂಬಿತು. ಕಂಬದ ಬುಡಕ್ಕೆ ಯಾರೋ ಕುಂಕುಮ ಹಚ್ಚಿ ನಿಂಬೆಹಣ್ಣು ಇಟ್ಟರು. ಒಂದು ಮಧ್ಯಾಹ್ನ ಅದು ಕೂಗುತ್ತಿರುವಾಗಲೇ ಪೆಟ್ಟಿಗೆ ಬಿಚ್ಚಲೆಂದು ಏಣಿ ಹತ್ತಿದೆ. ಕೈ ತಾಗುವ ಮೊದಲೇ ಕೂಗು ನಿಂತಿತು. ಕೆಳಗೆ, ಕಣ್ಣಿಗೆ ಏನೂ ಕಾಣದ ಮಂಜಿನ ಬಿಳುಪಿನಲ್ಲಿ, ಏನೋ ದೊಡ್ಡದು ನಿಧಾನವಾಗಿ ಉಸಿರಾಡುತ್ತಿತ್ತು. ಅದು ಸರಿದು ಹೋಗುವವರೆಗೆ ಕಂಬಕ್ಕೆ ಅಂಟಿಕೊಂಡಿದ್ದೆ — ಆಮೇಲೆ ಮುಚ್ಚಳ ತೆರೆಯದೆಯೇ ಇಳಿದು ಬಂದೆ. ಆನೆಯಿಲ್ಲದಾಗ ಕೂಗುತ್ತದೆ, ಆನೆಯಿದ್ದಾಗ ಸುಮ್ಮನಿರುತ್ತದೆ ಎಂದು ಕಂಡೂ ಯಾರಿಗೂ ಹೇಳಲಿಲ್ಲ.

ಕೆಲವೇ ದಿನಗಳಲ್ಲಿ, ಒಂದು ಬೆಳಿಗ್ಗೆ, ಸಂದೇಶ ನಿಜವಾಗಿಯೇ ಬಂತು; ಆ ಸಲ ಸೈರನ್ ಸರಿಯಾಗಿಯೇ ಕೂಗಿತು. ಕೆಲಸಕ್ಕೆ ಹೊರಟಿದ್ದ ನಿಮ್ಮ ಯಜಮಾನರು ಶಿವಣ್ಣ ನಕ್ಕರಂತೆ: "ಬುಡು, ಅದು ಸುಮ್‌ಸುಮ್ನೆ ಕೂಗೋದು ಕಣೇ." ಮಂಜು ತಿಳಿಯಾದಾಗ ಅವರು ರಸ್ತೆಯಲ್ಲಿ ಬಿದ್ದಿದ್ದರು. ಆನೆ ಇನ್ನೂ ಪಕ್ಕದಲ್ಲೇ ನಿಂತಿತ್ತಂತೆ, ಅಲುಗಾಡದೆ.

ನೀವು ಹೆಣ ಕಾಯುತ್ತಿದ್ದಾಗ ನಾನು ಪೆಟ್ಟಿಗೆ ಬದಲಿಸಿದೆ. ಹಳೆಯದರೊಳಗೆ ಕೆಸರಾದ ಧೂಳು, ಹಸಿರುಗಟ್ಟಿದ ತಂತಿ, ಸತ್ತ ಇರುವೆಗಳು. ವಿಚಾರಣೆಗೆ ಬಂದವರು ಹೊಸದನ್ನು ನೋಡಿ, ಎಲ್ಲ ಸರಿಯಿದೆ ಎಂದು ಹೋದರು.

"ನಾನು ತಡೀಬೇಕಿತ್ತು" ಎಂದು ನೀವು ಇಂದಿಗೂ ಕೊರಗುತ್ತೀರೆಂದು ಮೊನ್ನೆ ಕೇಳಿದೆ. ಇಷ್ಟು ವರ್ಷ ಆ ಕೊರಗನ್ನು ನಿಮ್ಮ ಮೇಲೆ ಹೊರಿಸಿ ನಾನು — ಇಲ್ಲ ಅಕ್ಕ. ಅದು ನಿಮ್ಮದಲ್ಲ.

ಅರಣ್ಯ ಇಲಾಖೆಯ ಕಚೇರಿಯಲ್ಲಿ ಎಲ್ಲವನ್ನೂ ಬರೆದುಕೊಡುತ್ತೇನೆ. ಅದಕ್ಕೂ ಮೊದಲು ನಿಮ್ಮ ಬಾಗಿಲಿಗೆ ಬರುತ್ತೇನೆ. ಒಳಗೆ ಕರೆಯಬೇಡಿ.