ಸಾಲಿನ ತುದಿಯ ಚಪ್ಪಾಳೆ

ನನ್ನ ಗಂಡನ ಬಾಸು ಕ್ಯುಪರ್ಟಿನೋದ ತನ್ನ ಹೊಸ ಮನೆಯ ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು, "ಒಂದು ಪದ್ಯ ನನ್ ಮೇಲೂ ಇರ್ಲಿ ಮೇಡಂ" ಎಂದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಕೈಯಲ್ಲಿದ್ದ ಕೇಸರಿಬಾತಿನ ತಟ್ಟೆಯನ್ನು ಅವನ ಬಿಳಿ ಕಾರ್ಪೆಟ್ಟಿನ ಮೇಲೆ ಕವುಚಿಬಿಡಬೇಕು ಅನ್ನಿಸಿತು. ಕವುಚಲಿಲ್ಲ. ನನಗೆ ಅವನಿಂದ ಒಂದು ಕೆಲಸ ಆಗಬೇಕಿತ್ತು.

ಅದು ಡಾಟ್‌ಕಾಮ್ ಭರಾಟೆಯ ಕಾಲ. ಹಾಸನದ ಕಾಲೇಜಿನಲ್ಲಿ ಹಳಗನ್ನಡ ಪಾಠ ಮಾಡಿ, ಗಮಕ ವಾಚನಕ್ಕೆ ಊರೂರು ತಿರುಗಿದ್ದ ನಾನು, ದುಡಿಯಲು ಅನುಮತಿಯಿಲ್ಲದ ವೀಸಾದ ಮೇಲೆ ಅಮೆರಿಕಕ್ಕೆ ಬಂದು ಹೇವರ್ಡ್‌ನ ಅಪಾರ್ಟ್‌ಮೆಂಟಿನಲ್ಲಿ ಬೇಳೆ ಬೇಯಿಸುತ್ತಿದ್ದೆ. ಯಾವ ಪಾರ್ಟಿಗೆ ಹೋದರೂ ಉಪದೇಶ ಒಂದೇ: "ಒಂದು ಕಂಪ್ಯೂಟರ್ ಕೋರ್ಸು ಮಾಡ್ಕೊಂಬಿಡಿ." ಅವರ ಮೇಲಿನ ಸಿಟ್ಟಿಗೇ ನಾನು ಹತ್ತಿರದ ಕಾಲೇಜೊಂದರ ಸಂಜೆ ತರಗತಿಗೆ ಸೇರಿದೆ. ವಿಷಯ, ಪ್ರಾಚೀನ ರೋಮಿನ ಮಹಾಕಾವ್ಯಗಳು ಹುಟ್ಟಿದ ಕಾಲ ಮತ್ತು ಸಮಾಜ.

ಟೀಚರಮ್ಮ ವಯಸ್ಸಾದವರು. ಕೆಲಸ ಕಾಯಂ ಆಗಿರಲಿಲ್ಲ, ಫ್ರೀವೇಯಲ್ಲಿ ಈ ಕಾಲೇಜಿಂದ ಆ ಕಾಲೇಜಿಗೆ ಓಡಾಡಿ ಪಾಠ ಮಾಡುತ್ತಿದ್ದರು. ಆದರೆ ಬಾಯಿ ತೆರೆದರೆ ರೋಮು ಎದ್ದು ನಿಲ್ಲುತ್ತಿತ್ತು. ಗ್ರೀಕರನ್ನು ಗೆದ್ದ ರೋಮನ್ನರು ಕಾವ್ಯದ ಛಂದಸ್ಸನ್ನು ಸೋತವರಿಂದಲೇ ಕಲಿತರು, ಅವರ ಮಕ್ಕಳಿಗೆ ಪಾಠ ಹೇಳಿದವರಲ್ಲಿ ಸೆರೆಸಿಕ್ಕ ಗ್ರೀಕ್ ಗುಲಾಮರೂ ಇದ್ದರು ಎಂದರು. ರೋಮನ್ನರು ವರ್ಷಗಟ್ಟಲೆ ತಮ್ಮತಮ್ಮಲ್ಲೇ ಬಡಿದಾಡಿಕೊಂಡರು, ಕೊನೆಗೆ ಗೆದ್ದವನು ತಾನೇ ಶಾಂತಿ ತಂದವನೆಂದು ಸಾರಿಕೊಂಡ. ಅವನ ಸೈನಿಕರಿಗೆ ಹಂಚಲು ರೈತರ ಹೊಲ ಕಿತ್ತುಕೊಂಡಿದ್ದರು. ಅಂಥವನ ವಂಶವನ್ನು ಕವಿಗಳು ದೇವತೆಯ ಮನೆತನಕ್ಕೆ ಗಂಟುಹಾಕಿದರು. "ಹೊಗಳಿದರು ನಿಜ, ಆದರೆ ಅದೇ ಕಾವ್ಯದಲ್ಲಿ ಮಗನನ್ನು ಕಳೆದುಕೊಂಡ ತಾಯಂದಿರೂ ಅಳುತ್ತಾರೆ" ಎಂದರು ಟೀಚರಮ್ಮ. ನಮ್ಮ ಆಸ್ಥಾನಕವಿಗಳೂ ರಾಜನನ್ನೇ ಕಥಾನಾಯಕನೊಡನೆ ಬೆಸೆಯುತ್ತಿದ್ದರು ಎಂದು ನಾನು ಕೈಯೆತ್ತಿ ಹೇಳಿದೆ. ಅವರು ಪಾಠ ನಿಲ್ಲಿಸಿ, ಆ ಸಂಜೆಯೆಲ್ಲ ನನ್ನನ್ನೇ ಮಾತಾಡಿಸಿದರು. ಆ ದೇಶಕ್ಕೆ ಬಂದಮೇಲೆ ನನಗೆ ಏನೋ ಗೊತ್ತಿದೆ ಎಂದು ನನ್ನ ಮಾತು ಕೇಳಿದವರು ಅವರೊಬ್ಬರೇ.

ಅಂಥ ತರಗತಿಯನ್ನು ಮುಚ್ಚುತ್ತೇವೆ ಎಂದಿತು ಕಾಲೇಜು. ಮುಂದಿನ ಟರ್ಮಿಗೆ ಸೇರುವವರು ಸಾಲದು, ಆ ಕೋಣೆಯಲ್ಲಿ ಕಂಪ್ಯೂಟರು ಇಡಬೇಕು. ಸುಡುಗಾಡು ಕಂಪ್ಯೂಟರು! ಅದಕ್ಕೇ ಬಾಸಿನ ಮುಂದೆ ಹಲ್ಲು ಕಿರಿಯಬೇಕಾಯಿತು. ತನ್ನ ಮನೆಯಲ್ಲಿ ನಾನೊಂದು ವಾಚನ ಮಾಡಿದರೆ ತನ್ನ ಎಂಜಿನಿಯರುಗಳನ್ನು ತರಗತಿಗೆ ಸೇರಿಸುತ್ತೇನೆ ಎಂದಿದ್ದ.

"ರೋಮಲ್ಲಿ ರಾಜನ ವಂಶಾನ ದೇವರಿಗೇ ಲಿಂಕ್ ಮಾಡ್ತಿದ್ರು ಅಂತ ನೀವೇ ಹೇಳಿದ್ರಲ್ಲ" ಎಂದ. "ನಂದೂ ಒಂಥರಾ ಅದೇ ಸ್ಟೋರಿ ಅಲ್ವಾ? ಕಡಲು ದಾಟಿ ಬಂದು ಕಂಪನಿ ಕಟ್ಟಿದೀನಿ."

ನನ್ನ ಪಾಠವನ್ನೇ ನನಗೆ ತಿರುಗಿಸಿ ಒಪ್ಪಿಸುತ್ತಿದ್ದಾನೆ! ಆಗಲಿ, ಬರೆಯುತ್ತೇನೆ ಎಂದೆ. ರೋಮಿನವರು ಬರೆದ ಹಾಗೇ ಬರೆಯುತ್ತೇನೆ ಎಂದು ಮನಸ್ಸಿನಲ್ಲೇ ಹಲ್ಲು ಕಡಿದೆ.

ವಾಚನದ ದಿನ ಹಾಲಿನ ತುಂಬ ಬಾಡಿಗೆ ಕುರ್ಚಿಗಳು. ಪ್ರತಿ ಸಾಲಿನ ತುದಿಯಲ್ಲೂ ಅವನ ಕಂಪನಿಯವನೊಬ್ಬ. ತನ್ನ ಹೆಸರು ಬಂದ ಕೂಡಲೇ ಚಪ್ಪಾಳೆ ಶುರುಮಾಡಬೇಕೆಂದು ಅಪ್ಪಣೆಯಾಗಿತ್ತಂತೆ. ರೋಮಿನಲ್ಲೂ ಕವಿ ಓದುವಾಗ ದೊಡ್ಡಮನುಷ್ಯರು ತಮ್ಮ ಆಳುಗಳನ್ನು ಸಾಲಿನ ತುದಿಗೆ ಕೂರಿಸಿ ಭೇಷ್ ಅನ್ನಿಸುತ್ತಿದ್ದರೆಂದು ಟೀಚರಮ್ಮ ಹೇಳಿದ್ದರು. ಆಗ ಬಿದ್ದು ಬಿದ್ದು ನಕ್ಕಿದ್ದೆ. ಈಗ ಎರಡನೇ ಸಾಲಿನ ತುದಿಯಲ್ಲಿ ನನ್ನ ಗಂಡನೇ ಕೂತಿದ್ದ.

ಮೊದಲು ರೋಮಿನ ಕಥೆ ಹೇಳಿದೆ. ಆಮೇಲೆ ಮೋಹನ ರಾಗದಲ್ಲಿ ನನ್ನ ಪದ್ಯ ಎತ್ತಿಕೊಂಡೆ. ಕಡಲು ದಾಟಿ ಬಂದ ವೀರ ಹೊಸ ನಗರ ಕಟ್ಟಿದ. ಅಲ್ಲಿಂದ ರಾಗ ಬದಲಿಸಿದೆ. ಆ ನಗರದ ಗಂಡಸರು ಕೆಲಸದ ಮೇಜಿನ ಕೆಳಗೇ ಮಲಗುತ್ತಾರೆ, ಭಾನುವಾರ ಮನೆಗೆ ಬಂದರೆ ಮಕ್ಕಳು ಯಾರೋ ಬಂದರೆಂದು ಅಮ್ಮನ ಹಿಂದೆ ಅಡಗುತ್ತವೆ. ಅದು ನನ್ನ ಮನೆಯದೇ ಮಾತು. ನನ್ನ ಮಗಳು ಹಾಗೇ ಅಡಗುತ್ತಿದ್ದಳು. ಪದ್ಯದ ಕೊನೆಗೆ ಬಾಸಿನ ಹೆಸರು ಬಂತು.

ಚಪ್ಪಾಳೆಯೋ ಚಪ್ಪಾಳೆ. ಎಲ್ಲರಿಗಿಂತ ಮೊದಲು ತಟ್ಟಿದವನು ನನ್ನ ಗಂಡ. ಬಾಸಂತೂ ಹಿಗ್ಗಿ ಹೀರೇಕಾಯಿಯಾಗಿದ್ದ.

ಕಾರಿನಲ್ಲಿ ಗಂಡ, "ಸೂಪರಾಗಿತ್ತು ಕಣೇ, ಬಾಸ್ ಫುಲ್ ಖುಷ್" ಎಂದ.

"ಏನು ಹಾಡ್ದೆ ಹೇಳು ನೋಡೋಣ."

"ಅದೇ, ಅವ್ರ ಹೆಸರು ಬಂತಲ್ಲ, ಅದು."

ಬೈದಿದ್ದರೆ ಸಹಿಸುತ್ತಿದ್ದೆ. ಕೇಳಿಸಿಕೊಳ್ಳದೆ ಚಪ್ಪಾಳೆ ತಟ್ಟಿದವನನ್ನು ಏನು ಮಾಡುವುದು?

ಬಾಸು ಮಾತು ಉಳಿಸಿಕೊಂಡ. ಎಂಜಿನಿಯರುಗಳೆಲ್ಲ ತರಗತಿಗೆ ಹೆಸರು ಕೊಟ್ಟರು, ನನ್ನ ಗಂಡನೂ ಕೊಟ್ಟ. ಟೀಚರಮ್ಮ ನನ್ನನ್ನು ತಬ್ಬಿಕೊಂಡರು. ಆದರೆ ಒಬ್ಬನೂ ಬರಲಿಲ್ಲ. ಆಫೀಸು ಬಿಟ್ಟರೆ ತಾನೇ ಬರುವುದು? ಬಾರದವರ ಹೆಸರನ್ನು ಮೂರನೇ ವಾರ ತೆಗೆಯುತ್ತಾರೆ, ಆಗ ತರಗತಿಯೂ ಹೋಗುತ್ತದೆ ಎಂದು ಗಂಡನಿಗೆ ಹೇಳಿದೆ. ಅವನು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ನಮ್ ಹಾಜರಿಗೆ ಒಂದು ಪ್ರಾಕ್ಸಿ ಹೊಡ್ದುಬಿಡು. ಬೆಂಗ್ಳೂರು ಕಾಲೇಜಲ್ಲಿ ನಾವೆಲ್ಲ ಹೊಡೀತಿರ್ಲಿಲ್ವಾ?" ಎಂದ.

ಮೂರನೇ ವಾರದ ಆ ಸಂಜೆ ಕೋಣೆಯಲ್ಲಿದ್ದವರು ಹಳೆಯ ನಾಲ್ಕೈದು ಜನ. ಟೀಚರಮ್ಮ ಹಾಜರಿ ಕರೆಯಲು ಶುರುಮಾಡಿದರು. ಮೊದಲ ಹೆಸರೇ ನನ್ನ ಗಂಡನದು. ತಡವರಿಸಿ ಕರೆದರು, ಪೆನ್ನು ಎತ್ತಿ ಹಿಡಿದು ನನ್ನ ಮುಖ ನೋಡಿದರು.

"ದಾರಿಯಲ್ಲಿದ್ದಾರೆ, ಅಲ್ಲವೇ?"

ಹೌದು ಎಂದು ನಾನು ತಲೆಯಾಡಿಸಿದ್ದರೆ ಸಾಕಿತ್ತು. ಉಳಿದವರ ಹೆಸರಿಗೂ ಹಾಗೇ ಆಡಿಸಬಹುದಿತ್ತು. ಟೀಚರಮ್ಮನ ಕೆಲಸ ಉಳಿಯುತ್ತಿತ್ತು, ನನ್ನ ಸಂಜೆಗಳೂ ಉಳಿಯುತ್ತಿದ್ದವು. ಅವರ ಕಣ್ಣುಗಳು ಅದನ್ನೇ ಬೇಡುತ್ತಿದ್ದವು, ನನಗದು ಕಾಣುತ್ತಿತ್ತು.

"ಇಲ್ಲ" ಎಂದೆ. ನನ್ನ ದನಿ ಬೇಕಾದ್ದಕ್ಕಿಂತ ಜೋರಾಯಿತು. "ಅವನು ಎಲ್ಲಿಗೂ ಬರುವುದಿಲ್ಲ. ಮನೆಗೂ ಬರುವುದಿಲ್ಲ."

ಟೀಚರಮ್ಮ ಪೆನ್ನಿನ ಮುಚ್ಚಳ ಹಾಕಿದರು. ಎರಡನೇ ಹೆಸರು ಕರೆಯಲೇ ಇಲ್ಲ.