ಬಿಡಣ್ಣ ಬಿಟ್ಟ ಮಾತು

ಬಿಡಣ್ಣ ಅನ್ನೋದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಇಟ್ಟಿದ್ದು. ಆ ಮನುಷ್ಯ ಬಾಯಿ ತೆಗೆದ್ರೆ ಮೊದಲು ಬರ್ತಿದ್ದಿದ್ದೇ 'ಬಿಡು'. ನಲ್ಲಿ ಸೋರ್ತಿದೆ ಅಂದ್ರೆ, 'ಬಿಡು, ನಾಳೆ ವಾಷರ್ ಹಾಕಿದ್ರಾಯ್ತು.' ಅಳಿಯ ಮುನಿಸ್ಕೊಂಡು ಹೋದ ಅಂದ್ರೆ, 'ಬಿಡು, ಹೊಟ್ಟೆ ಹಸಿದ್ರೆ ಬರ್ತಾನೆ.' ಮೂವತ್ತು ವರ್ಷ ಡಿಪೋದಲ್ಲಿ ಬಸ್ಸಿನ ಹೊಟ್ಟೆ ಕೆಳಗೆ ಮಲಗಿ ಎದ್ದ ಫಿಟ್ಟರ್ ಅವನು. ರಿಟೈರ್ ಆದ್ಮೇಲೆ ಹಿಂದಿನ ಕೋಣೇಲಿ ಒಂದು ಹಳೇ ಡ್ರಿಲ್ಲಿಂಗ್ ಮಷೀನ್ ತಂದು ನಿಲ್ಲಿಸ್ಕೊಂಡ.

ಹೆಂಡತಿ ಬೀದಿಗೆಲ್ಲ ಟೈಲರಮ್ಮ. ಮುಂದಿನ ಕೋಣೇಲಿ ಅವಳ ಹೊಲಿಗೆ. ಅಂಗಿ ಅಳತೆ ಕೊಡೋಕೆ ಬಂದವರಿಗೆಲ್ಲ ಹೇಳೋಳು, 'ನಮ್ಮವರು ಎರಡನೇವಳನ್ನ ತಂದ್ಕೊಂಡಿದಾರೆ ಕಣ್ರೀ. ಒಂದೇ ಕಾಲು ಅವಳಿಗೆ, ಆದ್ರೆ ಬಾಯಿ ನನಗಿಂತ ಜೋರು.'

ಆವತ್ತು ಕೆಲಸ ಇದ್ದಿದ್ದೂ ಅವಳದ್ದೇ. ಹೊಲಿಗೆ ಮೇಜಿನ ಹಲಗೆ ಅಲ್ಲಾಡ್ತಿತ್ತು, ಅದಕ್ಕೊಂದು ತೆಳು ತಗಡಿನ ಪಟ್ಟಿ ಬೇಕು, ಪಟ್ಟಿಗೆ ಒಂದು ತೂತು ಬೇಕು. ತಗಡನ್ನ ಬಿಗಿದು ಹಿಡಿಯೋ ಕ್ಲ್ಯಾಂಪ್ ಎರಡು, ವೈಸ್ ಒಂದು, ಮೂರೂ ಕೈಗೆಟಕೋ ಶೆಲ್ಫಿನ ಮೇಲೇ ಇದ್ವು.

'ರೀ, ಅದನ್ನ ಬಿಗಿದು ಮಾಡಬಾರ್ದಾ?'

'ಬಿಡು, ಒಂದೇ ತೂತು. ನೀನು ಆ ಕಡೆ ಹಿಡ್ಕೋ, ಸಾಕು.'

ತೆಳು ತಗಡು ಶುರೂಲಿ ಸಾಧು, ಕೊನೇಲಿ ರಾಕ್ಷಸ. ಡ್ರಿಲ್ಲಿನ ಮೊನೆ ಅಡಿಯಿಂದ ಹೊರಗೆ ಬರೋ ಗಳಿಗೇಲಿ ತಗಡನ್ನ ಕಚ್ಚಿ ಜೊತೆಗೆ ತಿರುಗಿಸಿಬಿಡುತ್ತೆ. ಸದ್ದು ಬದಲಾಗಿದ್ದು ಬಿಡಣ್ಣನ ಕಿವಿಗೆ ಮೊದಲು ಗೊತ್ತಾಯ್ತು. 'ಬಿಡು, ಬಿಡು' ಅಂತ ಕೂಗ್ದ. ಅವಳಿಗೆ ಕೇಳಿಸ್ತು. ಆದ್ರೆ ಕೇಳಿಸಿದ್ದು ಮೂವತ್ತು ವರ್ಷದಿಂದ ಕೇಳಿದ ಅದೇ 'ಬಿಡು'. ಪರವಾಗಿಲ್ಲ, ಏನೂ ಆಗಲ್ಲ ಅನ್ನೋ 'ಬಿಡು'. ಅವಳು ಇನ್ನೂ ಬಿಗಿಯಾಗಿ ಹಿಡಿದ್ಲು.

ಬಲಗೈ. ಹೆಬ್ಬೆರಳು, ಪಕ್ಕದ ಎರಡು ಬೆರಳು. ಬೆರಳು ಉಳಿದ್ವು, ಹಿಡಿತ ಉಳೀಲಿಲ್ಲ. ಆಸ್ಪತ್ರೇಲಿ ಪಟ್ಟಿ ಬಿಚ್ಚಿದಾಗ ಅವಳು ತನ್ನ ಅಂಗೈ ನೋಡ್ಕೊಂಡು, 'ಎಂಥ ಹೊಲಿಗೆ ರೀ ಇದು, ಒಂದಕ್ಕೊಂದು ಸಮ ಇಲ್ಲ' ಅಂದ್ಲು. ನರ್ಸ್ ನಕ್ಕಳು. ಬಿಡಣ್ಣನಿಗೆ ನಗು ಬರಲಿಲ್ಲ.

'ಬಿಡು ಅಂದೆನಲ್ಲೇ. ಯಾಕೆ ಬಿಡಲಿಲ್ಲ?'

'ನೀವು ಯಾವಾಗ ತಾನೇ ಬಿಡು ಅಂದಿಲ್ಲ?'

ಕೊಂಕಿಲ್ಲ, ಕೋಪ ಇಲ್ಲ. ನಿಜ ಹೇಳಿದ್ಲು ಅಷ್ಟೇ. ಅದೇ ಅವನಿಗೆ ತಗಡಿಗಿಂತ ಆಳ ಕೊಯ್ತು.

ಆ ದಿನದಿಂದ ಆ ಮಾತು ಅವನ ಬಾಯಿಂದ ಹೊರಡಲಿಲ್ಲ. ಬೀದೀಲಿ ಕ್ಷೌರದವನು ಅಭ್ಯಾಸಬಲದಿಂದ 'ಏನ್ ಬಿಡಣ್ಣ' ಅಂತ ಶುರು ಮಾಡಿ ನಾಲಗೆ ಕಚ್ಕೊಂಡ. ಆಮೇಲೆ ಎಲ್ಲರೂ ಬರೀ 'ಅಣ್ಣ' ಅಂತ ಕರೆಯೋಕೆ ಶುರು ಮಾಡಿದ್ರು. ಅರ್ಧ ಹೆಸರು ಹೋಯ್ತು.

ಮುಂದಿನ ಕೋಣೆಯಿಂದ ಬಟ್ಟೆಗಳು ಒಂದೊಂದಾಗಿ ವಾಪಸ್ ಹೋದ್ವು. ಟೈಲರಮ್ಮ ಎಡಗೈಲಿ ಪ್ರಯತ್ನಪಟ್ಲು. ಅವಳ ದೊಡ್ಡ ಕತ್ತರಿ ಬಲಗೈಗೆ ಅಂತಲೇ ಮಾಡಿದ್ದು, ಎಡಗೈಲಿ ಹಿಡಿದ್ರೆ ಬಟ್ಟೆ ಕತ್ತರಿಸದೆ ಅಲಗಿನ ಮಧ್ಯ ಮಡಿಚ್ಕೊಳ್ಳೋದು. ಕೆಲಸ ಕಲಿಸಿದ ಯಜಮಾನಿ ಕೊಟ್ಟ ಕತ್ತರಿ ಅದು. ಒರೆಸಿ ಡ್ರಾಯರಲ್ಲಿಟ್ಲು.

ಬಿಡಣ್ಣ ಒಂದು ಯೋಚನೆ ಮಾಡ್ದ. ಕತ್ತರಿಯ ಕೆಳಗಿನ ಹಿಡಿಯನ್ನ ಹಲಗೆಗೆ ಬೋಲ್ಟ್ ಮಾಡೋದು, ಮೇಲಿನ ಹಿಡಿಗೆ ಉದ್ದನೆ ಸನ್ನೆಕೋಲು ಕೂರಿಸೋದು. ಬೆರಳು ಬೇಡ, ಅಂಗೈಲಿ ಒತ್ತಿದ್ರೆ ಸಾಕು. ಆದ್ರೆ ಒಂದೊಂದು ಹಿಡಿಗೂ ತೂತು ಕೊರೀಬೇಕು. ಕೈ ಹೋಗಿದ್ದಾಯ್ತು, ತಪ್ಪಿದ್ರೆ ಇನ್ನು ಕತ್ತರೀನೂ ಹೋಗುತ್ತೆ.

ಕತ್ತರಿ ಕೇಳಿದಾಗ ಅವಳು ಮೊದಲು ಅವನ ಕೈ ನೋಡಿದ್ಲು. ಆಮೇಲೆ ಡ್ರಾಯರ್ ಎಳೆದು ಕೊಟ್ಲು.

ಕತ್ತರಿ ಹಿಡಿ ಪೂರ್ತಿ ಸೊಟ್ಟ, ವೈಸಲ್ಲಿ ಕೂರೋಕೆ ಒಂದು ಸಮತಟ್ಟು ಜಾಗ ಇಲ್ಲ. ಬಿಡಣ್ಣ ಎರಡು ಅಲಗು ಬಿಡಿಸಿದ, ಒಂದು ಹಿಡಿಗೆ ಸೀಮೆಸುಣ್ಣ ಬಳಿದ, ಮರದ ತುಂಡಿನ ಮೇಲೆ ಒತ್ತಿದ. ಬಿಳಿ ಹತ್ತಿದ ಕಡೆ ಉಳಿಯಿಂದ ಕೆತ್ತಿದ. ಮತ್ತೆ ಬಳಿದ, ಮತ್ತೆ ಕೆತ್ತಿದ. ಮೂರು ದಿನ ಹಿಡೀತು ಎರಡು ಹಿಡಿಗೂ ಗೂಡು ಕೆತ್ತೋಕೆ. ಕೊನೆಗೆ ಹಿಡಿ ಮರದೊಳಗೆ ತೊಟ್ಟಿಲ ಮಗು ಥರ ಕೂತ್ಕೊಳ್ತು. ಮೇಲೊಂದು ಮರ ಮುಚ್ಚಿ, ಎರಡೂ ಕಡೆ ಕ್ಲ್ಯಾಂಪ್ ಬಿಗಿದು, ಎರಡು ಕೈಯಲ್ಲಿ ಎಳೆದು ನೋಡ್ದ. ಜಗ್ಗಲಿಲ್ಲ. ಆದ್ರೂ ಇನ್ನೊಂದು ಸಲ ಬಿಗಿದ.

ಅವಳು ಹೊಸ್ತಿಲಾಚೆ ನಿಂತಿದ್ಲು. ಎಂಟು ತಿಂಗಳಿಂದ ಆ ಕೋಣೆಗೆ ಕಾಲಿಟ್ಟಿರಲಿಲ್ಲ.

'ಸರಿಯಾಗಿ ಹಿಡ್ಕೊಂಡಿದೀರಾ?'

'ನಾನಲ್ಲ ಕಣೇ. ಮರ ಹಿಡ್ಕೊಂಡಿದೆ.'

ಮೊನೆ ಹೊರಬರೋ ಗಳಿಗೇಲಿ ಅವನು ಉಸಿರು ಹಿಡಿದು ಕೈ ಹಗುರ ಮಾಡ್ದ. ತೂತು ನೆಟ್ಟಗೆ ಬಂತು. ಎರಡನೇದೂ ಬಂತು. ಇಷ್ಟೇ ಕೆಲಸ. ಆವತ್ತು ಆ ಶೆಲ್ಫಿಗೆ ಕೈ ಚಾಚೋಕೆ ಎಷ್ಟು ಹೊತ್ತು ಬೇಕಿತ್ತು ಅಂತ ಯೋಚಿಸ್ತಾ ಮಷೀನ್ ಆರಿಸ್ದ.

ಮಾರನೇ ದಿನ ಅವಳು ಕತ್ತರಿ ಬೋಲ್ಟ್ ಮಾಡಿದ ಮೇಜಿನ ಮುಂದೆ ನಿಂತು, ಅಂಗಿಯ ಕಾಲರಿಗೆ ಬಟ್ಟೆ ಹಾಸಿ, ಅಂಗೈಲಿ ಸನ್ನೆ ಒತ್ತಿದ್ಲು. ಕತ್ತರಿ ಕಚಕ್ ಅಂತು. ನೇರ ಗೆರೆ ಸಲೀಸಾಗಿ ಹೋಯ್ತು. ತಿರುವು ಬಂದಾಗ ಮಣಿಕಟ್ಟು ನಡುಗೋಕೆ ಶುರು ಆಯ್ತು. ಬಿಡಣ್ಣ ತಡೀಲಾರದೆ ಅವಳ ಕೈ ಮೇಲೆ ಕೈಯಿಟ್ಟು ಒತ್ತಿದ.

'ಬಿಡಿ' ಅಂದ್ಲು ಅವಳು.

ಬೆಂಕಿ ಮುಟ್ಟಿದವನ ಹಾಗೆ ಕೈ ಕಿತ್ಕೊಂಡ. ಸನ್ನೆ ಮೇಲಕ್ಕೆ ಹಾರ್ತು, ಬಟ್ಟೆ ಜಾರಿ ಕಾಲರ್ ಸೊಟ್ಟಗೆ ಹರೀತು.

'ಅಯ್ಯೋ, ಆ ಬಿಡಿ ಅಲ್ಲ ರೀ. ಕಾಲರ್ ಕೆಟ್ರೆ ಕೆಡ್ಲಿ ಬಿಡಿ ಅಂದೆ.'

ಅವನು ಗೋಡೆಗೆ ಒರಗಿ ನಿಂತ. ಅವಳು ಹರಿದ ತುಂಡು ಎತ್ತಿ ಬೆಳಕಿಗೆ ಹಿಡಿದು ನೋಡಿದ್ಲು. ತಿರುವು ಇನ್ನು ಆ ಕೈಗೆ ಬರಲ್ಲ ಅಂತ ಇಬ್ಬರಿಗೂ ಗೊತ್ತಾಯ್ತು.

'ದಿಂಬಿನ ಚೀಲ ಹೊಲೀಬಹುದು. ಅದಕ್ಕೆ ನಾಲ್ಕೂ ಕಡೆ ನೇರ ಗೆರೆನೇ' ಅಂದ್ಲು ಕೊನೆಗೆ. 'ಬನ್ನಿ, ಬಟ್ಟೆ ಜಾರುತ್ತೆ, ಆ ಕಡೆ ಹಿಡ್ಕೊಳ್ಳಿ.'

ಬಿಡಣ್ಣ ಹಿಂದಿನ ಕೋಣೆಗೆ ಹೋಗಿ ಕ್ಲ್ಯಾಂಪ್ ತಂದ.